110, 111, 113: ಸರ್ವರ್‌ಗಳ ನಡುವೆ ಗೋಡೆ ಎಲ್ಲಿದೆ?

ಶನಿವಾರ ಸಂಜೆ. ಮೂರು ಸರ್ವರ್‌ಗಳ ಒಂದು ಡೇಟಾಬೇಸ್ ಕ್ಲಸ್ಟರ್, ಅಂದರೆ ಒಟ್ಟಾಗಿ ಕೆಲಸ ಮಾಡುವ ಗುಂಪು. ಅದರಲ್ಲಿ ಮೂರನೆಯದರ ಡಿಸ್ಕ್ ಕೈಕೊಟ್ಟಿತ್ತು. ಆ ಜಾಗಕ್ಕೆ ಹೊಸ ಮಷೀನ್ ತಂದು, ಮರಿಯಾಡಿಬಿ ಎಂಬ ಡೇಟಾಬೇಸ್ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಿ, ಹಳೆಯ ಕಾನ್ಫಿಗ್ ಫೈಲನ್ನೇ ಹಾಕಿ ಸ್ಟಾರ್ಟ್ ಕೊಟ್ಟೆವು. ಕ್ಲಸ್ಟರ್‌ನಲ್ಲಿ ಈಗ ಎಷ್ಟು ಜನ ಇದ್ದೀರಿ ಎಂದು ಮೊದಲನೆಯ ಸರ್ವರನ್ನು ಕೇಳಿದರೆ ಮೂರು ಎಂದಿತು. ಸರಿ, ಕೆಲಸ ಮುಗೀತು ಎಂದು ಟೀ ಕುಡಿಯಲು ಎದ್ದೆವು. ವಾಪಸ್ ಬಂದು ನೋಡಿದರೆ ಎರಡು.

ಮತ್ತೆ ಸ್ಟಾರ್ಟ್ ಮಾಡಿದೆವು. ಮತ್ತೆ ಮೂರು. ಸ್ವಲ್ಪ ಹೊತ್ತಿಗೇ ಮತ್ತೆ ಎರಡು.

ಆಮೇಲೆ ನಡೆದದ್ದು ಎಲ್ಲಾ ಆಫೀಸುಗಳಲ್ಲೂ ನಡೆಯುವಂಥದ್ದೇ. "ಪಿಂಗ್ ಹೋಗ್ತಿದೆ, ನೆಟ್‌ವರ್ಕ್ ಸರಿ ಇದೆ" ಎಂದರು ಒಬ್ಬರು. "ಬೇಕಾದ ಪೋರ್ಟ್ ಎಲ್ಲಾ ಓಪನ್ ಮಾಡಿದ್ದೀನಿ" ಎಂದರು ಇನ್ನೊಬ್ಬರು. "ಒಂದ್ಸಲ ಫೈರ್‌ವಾಲ್ ಆಫ್ ಮಾಡಿಬಿಡಿ ಸಾರ್, ನೋಡೋಣ" ಎಂದರು ಮೂರನೆಯವರು. ಉತ್ತರ ಮಾತ್ರ ಎರಡನೆಯ ಸರ್ವರ್‌ನ ಲಾಗ್‌ನಲ್ಲಿ ಆಗಲೇ ಬರೆದಿಟ್ಟಿತ್ತು. ಒಂದು ಸಾಲಿನ ಕೊನೆಯಲ್ಲಿ, ಬ್ರಾಕೆಟ್ ಒಳಗೆ, ಮೂರಂಕಿಯ ಒಂದು ಸಂಖ್ಯೆ: 113.

ಎರಡು ಸರ್ವರ್‌ಗಳ ನಡುವೆ ಮಾತು ನಿಂತಾಗ ನಾವು ನೇರವಾಗಿ ಫೈರ್‌ವಾಲ್, ಅಂದರೆ ಯಾರನ್ನು ಒಳಬಿಡಬೇಕು ಎಂದು ತೀರ್ಮಾನಿಸುವ ಕಾವಲುಗಾರನ, ರೂಲ್‌ಗಳ ಪಟ್ಟಿ ತೆಗೆದು ಕೂರುತ್ತೇವೆ. ನನ್ನ ಪ್ರಕಾರ ಅದು ಎರಡನೆಯ ಕೆಲಸ. ಸಂಪರ್ಕ ಯಾವ ರೀತಿಯಲ್ಲಿ ಸೋತಿತು ಎಂದು ನೋಡುವುದು ಮೊದಲನೆಯದು. ಸೋತ ರೀತಿಯೇ ಗೋಡೆ ಎಲ್ಲಿದೆ ಎಂದು ಮುಕ್ಕಾಲು ಪಾಲು ಹೇಳಿಬಿಡುತ್ತದೆ.

ಬಾಗಿಲು ತಟ್ಟಿದಾಗ ಸಿಗುವ ಉತ್ತರಗಳು

ಟಿಸಿಪಿ ಎಂಬ ಸಂವಹನ ಪದ್ಧತಿಯಲ್ಲಿ ಮಾತು ಶುರು ಮಾಡುವ ಸರ್ವರ್ ಮೊದಲು ಒಂದು ಪುಟ್ಟ ಪ್ಯಾಕೆಟ್ ಕಳಿಸುತ್ತದೆ. ಅದರ ಹೆಸರು ಸಿನ್. ಬಾಗಿಲು ತಟ್ಟಿದ ಹಾಗೆ. ಸರ್ವರ್‌ನ ಒಂದೊಂದು ಸರ್ವಿಸ್‌ಗೂ ಇರುವ ನಂಬರ್ ಹಾಕಿದ ಆ ಬಾಗಿಲೇ ಪೋರ್ಟ್. ಆ ಕಡೆಯವರು ಸಿನ್-ಆ್ಯಕ್ ಎಂದು ಉತ್ತರ ಕೊಡಬೇಕು, ಈ ಕಡೆಯವರು ಆ್ಯಕ್ ಎನ್ನಬೇಕು. ಈ ಮೂರು ಆದ ಮೇಲೆಯೇ ನಿಜವಾದ ಮಾತು. ಇದು ನಡೆಯದಿದ್ದಾಗ ಲಿನಕ್ಸ್ ಒಂದು ಎರರ್ ನಂಬರ್ ಕೊಡುತ್ತದೆ. ನಮಗೆ ಮುಖ್ಯವಾದವು ಮೂರೇ.

111 ಎಂದರೆ ಕನೆಕ್ಷನ್ ರೆಫ್ಯೂಸ್ಡ್. ಇದು ತಕ್ಷಣ ಬರುತ್ತದೆ. ನೀವು ತಟ್ಟಿದ್ದು ಆ ಮನೆಗೆ ಕೇಳಿಸಿದೆ, ಒಳಗಿನವರೇ "ಆ ಹೆಸರಿನವರು ಇಲ್ಲಿ ಯಾರೂ ಇಲ್ಲ" ಎಂದಿದ್ದಾರೆ. ಅಂದರೆ ಪ್ಯಾಕೆಟ್ ದಾರಿಯುದ್ದಕ್ಕೂ ಸಲೀಸಾಗಿ ಹೋಗಿದೆ, ಉತ್ತರವೂ ವಾಪಸ್ ಬಂದಿದೆ. ಆ ಪೋರ್ಟ್‌ನಲ್ಲಿ ಯಾವ ಪ್ರೋಗ್ರಾಮೂ ಕಾಯುತ್ತಿಲ್ಲ, ಅಷ್ಟೇ. ಹಾಗಾಗಿ ಫೈರ್‌ವಾಲ್ ಹುಡುಕುವವನಿಗೆ 111 ಬಹುಮಟ್ಟಿಗೆ ಒಳ್ಳೆಯ ಸುದ್ದಿ. ಬಹುಮಟ್ಟಿಗೆ ಎಂದದ್ದು ಯಾಕೆಂದರೆ ಐಪಿಟೇಬಲ್ಸ್ ಎಂಬ ಲಿನಕ್ಸ್ ಫೈರ್‌ವಾಲ್‌ನಲ್ಲಿ ಯಾರಾದರೂ ಸುಮ್ನೆ ರಿಜೆಕ್ಟ್ ಎಂದು ಬರೆದಿಟ್ಟಿದ್ದರೂ ಇದೇ 111 ಕಾಣುತ್ತದೆ.

110 ಎಂದರೆ ಕನೆಕ್ಷನ್ ಟೈಮ್ಡ್ ಔಟ್. ತಟ್ಟಿದಿರಿ, ಉತ್ತರ ಇಲ್ಲ. ಮತ್ತೆ ತಟ್ಟಿದಿರಿ, ಇಲ್ಲ. ಲಿನಕ್ಸ್ ತಾನಾಗಿಯೇ ಆರು ಸಲ ಮತ್ತೆ ಪ್ರಯತ್ನಿಸಿ, ಸುಮಾರು 2 ನಿಮಿಷದ ನಂತರ ಕೈಚೆಲ್ಲುತ್ತದೆ. ಪ್ಯಾಕೆಟ್ಟನ್ನು ಯಾರೋ ಸದ್ದಿಲ್ಲದೆ ಬಿಸಾಡಿದ್ದಾರೆ. ಎಲ್ಲಿ ಎಂದು ಈ ನಂಬರ್ ಹೇಳುವುದಿಲ್ಲ.

113 ಎಂದರೆ ನೋ ರೂಟ್ ಟು ಹೋಸ್ಟ್. ಈ ಹೆಸರೇ ಎಲ್ಲರನ್ನೂ ದಾರಿ ತಪ್ಪಿಸುವುದು. ರೂಟ್ ಇಲ್ಲ ಎಂದು ಓದಿದವರು ರೂಟಿಂಗ್ ಟೇಬಲ್ ಕೆದಕಲು ಹೋಗುತ್ತಾರೆ. ಆ ಸರ್ವರ್ ನಿಜಕ್ಕೂ ಆಫ್ ಆಗಿದ್ದರೆ ಈ ಎರರ್ ಬರಬಹುದು, ನಿಜ. ಆದರೆ ಪಿಂಗ್ ಹೋಗುತ್ತಿದ್ದು, ಒಂದು ಪೋರ್ಟ್‌ಗೆ ಮಾತ್ರ 113 ಬಂದರೆ ಅದು ಹೆಚ್ಚಾಗಿ ಫೈರ್‌ವಾಲ್‌ಡಿಯ ಸಹಿ. ರೆಡ್ ಹ್ಯಾಟ್, ರಾಕಿ, ಆಲ್ಮಾ ಲಿನಕ್ಸ್‌ಗಳಲ್ಲಿ ಮೊದಲಿನಿಂದಲೇ ಇರುವ ಫೈರ್‌ವಾಲ್ ಇದು. ಅನುಮತಿ ಇಲ್ಲದ ಪೋರ್ಟ್‌ಗೆ ಯಾರಾದರೂ ಬಂದರೆ ಸುಮ್ಮನೆ ಬಿಸಾಡುವುದಿಲ್ಲ. "ಇಲ್ಲಿ ಪ್ರವೇಶ ನಿಷೇಧ" ಎಂಬ ಚೀಟಿಯನ್ನು ಐಸಿಎಂಪಿಯಲ್ಲಿ (ನೆಟ್‌ವರ್ಕ್‌ನ ಸೂಚನೆಗಳು ಓಡಾಡುವ ಪದ್ಧತಿ) ವಾಪಸ್ ಕಳಿಸುತ್ತದೆ. ಆ ಚೀಟಿಯನ್ನು ಲಿನಕ್ಸ್ ನಮಗೆ ಅನುವಾದಿಸಿ ಹೇಳುವಾಗ "ನೋ ರೂಟ್ ಟು ಹೋಸ್ಟ್" ಎನ್ನುತ್ತದೆ. ಅಪಾರ್ಟ್‌ಮೆಂಟ್ ಗೇಟಿನಲ್ಲಿ ವಾಚ್‌ಮನ್ ತಡೆದು ನಿಲ್ಲಿಸಿದರೆ, ಮನೆಗೆ ಫೋನ್ ಮಾಡಿ "ನಿಮ್ಮ ಬೀದಿಗೆ ರಸ್ತೆಯೇ ಇಲ್ಲ" ಎಂದ ಹಾಗೆ.

ಈ ಮೂರನ್ನು ನೆನಪಿಟ್ಟರೆ ಒಂದು ಅಂದಾಜು ಸಿಗುತ್ತದೆ. 113 ಬಂದರೆ ಎದುರಿನ ಸರ್ವರ್‌ನ ಸ್ವಂತ ಫೈರ್‌ವಾಲ್ ನೋಡಿ. 110 ಬಂದರೆ ಕ್ಲೌಡ್‌ನವರದೇ ಫೈರ್‌ವಾಲ್ ಆದ ಸೆಕ್ಯುರಿಟಿ ಗ್ರೂಪ್, ನಡುವಿನ ಫೈರ್‌ವಾಲ್ ಪೆಟ್ಟಿಗೆ, ಅಥವಾ ಉಬುಂಟುವಿನ ಯುಎಫ್‌ಡಬ್ಲ್ಯು ಫೈರ್‌ವಾಲ್ ಇರಬಹುದು. ಇವೆಲ್ಲ ಮೌನವಾಗಿ ಬಿಸಾಡುವ ಜಾತಿ. 111 ಬಂದರೆ ಫೈರ್‌ವಾಲ್ ಬಿಟ್ಟು, ಆ ಸರ್ವಿಸ್ ಓಡುತ್ತಿದೆಯಾ, ಓಡುತ್ತಿದ್ದರೆ ಯಾವ ಅಡ್ರೆಸ್‌ನಲ್ಲಿ ಕಿವಿ ಇಟ್ಟುಕೊಂಡಿದೆ ಎಂದು ನೋಡಿ. 127.0.0.1ರಲ್ಲಿ ಮಾತ್ರ ಕಾಯುತ್ತಿರುವ ಸರ್ವಿಸ್‌ಗೆ ಹೊರಗಿನಿಂದ ಎಷ್ಟು ತಟ್ಟಿದರೂ 111 ತಾನೇ?

ಪಿಂಗ್ ಬಗ್ಗೆ ಒಂದು ಮಾತು. ಪಿಂಗ್ ಓಡುವುದು ಐಸಿಎಂಪಿಯಲ್ಲಿ. ಅದಕ್ಕೆ ಪೋರ್ಟ್ ಎಂಬುದೇ ಇಲ್ಲ. ಪಿಂಗ್ ಹೋದರೆ ಮಷೀನ್ ಬದುಕಿದೆ, ದಾರಿ ಇದೆ ಎಂದು ಗೊತ್ತಾಗುತ್ತದೆ. ಯಾವುದಾದರೂ ಪೋರ್ಟ್ ತೆರೆದಿದೆ ಎಂದು ಗೊತ್ತಾಗುವುದಿಲ್ಲ. ಪಿಂಗ್ ಹೋಗದಿದ್ದರೂ ಪೋರ್ಟ್ ತೆರೆದಿರಬಹುದು, ಎಷ್ಟೋ ಕಡೆ ಐಸಿಎಂಪಿಯನ್ನೇ ಮುಚ್ಚಿರುತ್ತಾರೆ.

ನಾಲ್ಕು ಪೋರ್ಟ್, ನಾಲ್ಕು ಕೆಲಸ

ಈಗ ನಮ್ಮ ಶನಿವಾರಕ್ಕೆ ಬರೋಣ. ಅದು ಗೆಲೆರಾ ಕ್ಲಸ್ಟರ್. ಮೂರು ಮರಿಯಾಡಿಬಿ ಸರ್ವರ್‌ಗಳಲ್ಲೂ ಒಂದೇ ಡೇಟಾ ಇರುತ್ತದೆ, ಯಾವುದಕ್ಕೆ ಬರೆದರೂ ಉಳಿದೆರಡಕ್ಕೆ ಹೋಗುತ್ತದೆ. ಇದಕ್ಕೆ ನಾಲ್ಕು ಪೋರ್ಟ್ ಬೇಕು. 3306 ಅಪ್ಲಿಕೇಶನ್‌ಗಳು ಬಂದು ಹೋಗುವ ಬಾಗಿಲು. 4567 ಸರ್ವರ್‌ಗಳು ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳುವ ಪೋರ್ಟ್. ಇನ್ನುಳಿದ 4568 ಮತ್ತು 4444 ಇವೆಯಲ್ಲ, ಕಥೆ ಇರುವುದು ಅಲ್ಲಿ.

ಒಂದು ಸರ್ವರ್ ಸ್ವಲ್ಪ ಹೊತ್ತು ಆಫ್ ಆಗಿ ವಾಪಸ್ ಬಂತು ಎಂದುಕೊಳ್ಳಿ. ಅಷ್ಟರಲ್ಲಿ ಉಳಿದವರು ಮಾಡಿದ ಬದಲಾವಣೆಗಳು ಅದಕ್ಕೆ ಬೇಕು. ಪ್ರತಿ ಸರ್ವರ್ ಕೂಡ ಇತ್ತೀಚಿನ ಬದಲಾವಣೆಗಳನ್ನು ಜಿಕ್ಯಾಶ್ ಎಂಬ ಫೈಲ್‌ನಲ್ಲಿ ಇಟ್ಟುಕೊಂಡಿರುತ್ತದೆ. ನಾವಾಗಿ ಬದಲಿಸದಿದ್ದರೆ ಅದರ ಗಾತ್ರ 128 ಎಂಬಿ. ತಪ್ಪಿಸಿಕೊಂಡ ಬದಲಾವಣೆ ಎಲ್ಲಾ ಅದರೊಳಗೇ ಇದ್ದರೆ ಅಷ್ಟನ್ನು ಮಾತ್ರ 4568ರ ಮೂಲಕ ಕಳಿಸುತ್ತಾರೆ. ಶಾಲೆಗೆ ಎರಡು ದಿನ ಹೋಗದಿದ್ದ ಹುಡುಗ ಪಕ್ಕದವನ ನೋಟ್ಸ್ ಬರೆದುಕೊಂಡ ಹಾಗೆ. ಇದರ ಹೆಸರು ಐಎಸ್‌ಟಿ.

ಜಿಕ್ಯಾಶ್‌ನಲ್ಲಿ ಸಿಗದಷ್ಟು ಹಿಂದೆ ಬಿದ್ದಿದ್ದರೆ, ಅಥವಾ ನಮ್ಮದರ ಹಾಗೆ ಸರ್ವರ್ ಹೊಸದೇ ಆಗಿದ್ದರೆ, ಇಡೀ ಡೇಟಾಬೇಸನ್ನೇ ನಕಲು ಮಾಡಬೇಕು. ಇದು ಎಸ್‌ಎಸ್‌ಟಿ. ಆರ್‌ಸಿಂಕ್ ಅಥವಾ ಮರಿಯಾಬ್ಯಾಕಪ್ ಬಳಸಿ ಈ ನಕಲು ಮಾಡುವಾಗ ಬೇಕಾಗುವುದು 4444.

ಅಂದರೆ ದಿನನಿತ್ಯದ ಓಡಾಟಕ್ಕೆ 3306 ಮತ್ತು 4567 ಸಾಕು. 4568 ಆಗೊಮ್ಮೆ ಈಗೊಮ್ಮೆ. 4444 ವರ್ಷಕ್ಕೊಮ್ಮೆ ಬೇಕಾದರೂ ಬೇಕಾಯಿತು, ಇಲ್ಲದಿದ್ದರೆ ಇಲ್ಲ. ಆ ಪೋರ್ಟ್ ಮುಚ್ಚಿದ್ದರೆ ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗುವ ದಿನ ಮಾತ್ರ ಒಂದು ಸರ್ವರ್ ಆಗಲೇ ಸತ್ತಿರುತ್ತದೆ. ಕ್ಲಸ್ಟರ್ ಫೈರ್‌ವಾಲ್ ತೊಂದರೆಗಳಲ್ಲಿ ಇದೇ ಅತಿ ಕೆಟ್ಟ ಬಗೆ ಎಂದು ನನಗೆ ಅನಿಸುತ್ತದೆ. ಪೂರ್ತಿ ಮುಚ್ಚಿದ ಗೋಡೆ ಮೊದಲ ದಿನವೇ ತಲೆಗೆ ತಾಗುತ್ತದೆ. ಅರ್ಧ ತೆರೆದದ್ದು ಕಾದು ಕೂರುತ್ತದೆ.

ಯಾರು ಯಾರ ಬಾಗಿಲು ತಟ್ಟುತ್ತಾರೆ?

ನಮ್ಮ ತಂಡ ಎಡವಿದ್ದು ಇಲ್ಲಿ. ಹೊಸ ಸರ್ವರ್‌ಗೆ ಡೇಟಾ ಬೇಕು. ಹಾಗಾದರೆ ಅದೇ ಹೋಗಿ ಹಳೆಯ ಸರ್ವರ್‌ನ 4444 ತಟ್ಟುತ್ತದೆ ಎಂದು ಎಲ್ಲರೂ ಅಂದುಕೊಂಡೆವು. ಬೇಕಾದವರು ತಾನೇ ಕೇಳಲು ಹೋಗುವುದು! ಹೊಸ ಸರ್ವರ್‌ನಲ್ಲಿ ಕೂತು, ಪೋರ್ಟ್ ತಟ್ಟಿ ನೋಡುವ ಎನ್‌ಸಿ ಕಮಾಂಡ್‌ನಿಂದ ಎರಡನೆಯ ಸರ್ವರ್‌ನ 4444ಕ್ಕೆ ಪ್ರಯತ್ನಿಸಿದೆವು. 111 ಬಂತು. "ನೋಡಿ, ಹಳೇ ಸರ್ವರ್‌ನಲ್ಲಿ 4444 ಕ್ಲೋಸ್ ಇದೆ" ಎಂದು ತೀರ್ಮಾನವಾಯಿತು. ಒಂದು ಗಂಟೆ ಹಳೆಯ ಸರ್ವರ್‌ಗಳ ರೂಲ್‌ಗಳ ಮೇಲೆ ಕಳೆದೆವು. ಆ ರೂಲ್‌ಗಳಲ್ಲಿ ತಪ್ಪೇ ಇರಲಿಲ್ಲ.

ನಿಜವಾಗಿ ನಡೆಯುವುದು ತಿರುವುಮುರುವು. ಹೊಸ ಸರ್ವರ್ 4567ರಲ್ಲಿ "ನನಗೆ ಪೂರ್ತಿ ನಕಲು ಬೇಕು" ಎಂದು ಕೇಳುತ್ತದೆ. ಕೇಳುವಾಗಲೇ ತನ್ನ ಬಳಿ 4444ರಲ್ಲಿ ಬಾಗಿಲು ತೆರೆದು, ಪಾತ್ರೆ ಹಿಡಿದು ಕೂರುತ್ತದೆ. ಕೊಡುವ ಸರ್ವರ್ ಅಲ್ಲಿಗೆ ಬಂದು ತಟ್ಟಿ ಸುರಿಯಬೇಕು. ಹಾಲಿನವನು ನಮ್ಮ ಮನೆಗೆ ಬರುತ್ತಾನೆ, ನಾವು ಹಾಲಿನವನ ಮನೆಗೆ ಹೋಗುವುದಿಲ್ಲ ಅಲ್ವಾ, ಹಾಗೆ. 4568ರ ಲೆಕ್ಕವೂ ಇದೇ. ಪಡೆಯುವವರೇ ಕಾಯುತ್ತಾರೆ, ಕೊಡುವವರು ಬರುತ್ತಾರೆ.

ಹಾಗಾಗಿ ಬೇಕಾದದ್ದು ಹೊಸ ಸರ್ವರ್‌ನಲ್ಲಿ ಒಳಬರುವ 4444. ಅದು ಹೊಚ್ಚ ಹೊಸ ಟೆಂಪ್ಲೇಟ್‌ನಿಂದ ಬಂದ ಮಷೀನ್. ಫೈರ್‌ವಾಲ್‌ಡಿ ಓಡುತ್ತಿತ್ತು. ಅದರಲ್ಲಿ ತೆರೆದದ್ದು 3306 ಮತ್ತು 4567 ಮಾತ್ರ. ಕೊಡುವ ಸರ್ವರ್ ಬಂದು ತಟ್ಟಿತು, ವಾಚ್‌ಮನ್ ತಡೆದ, ಅದು 113 ಎಂದು ತನ್ನ ಲಾಗ್‌ನಲ್ಲಿ ಬರೆದುಕೊಂಡಿತು. ನಾವು ನೋಡುತ್ತಿದ್ದದ್ದು ಹೊಸ ಸರ್ವರ್‌ನ ಲಾಗ್. ಅಲ್ಲಿ ಇದ್ದದ್ದು ಸ್ಟೇಟ್ ಟ್ರಾನ್ಸ್‌ಫರ್ ಫೇಲ್ ಆಯಿತು ಎಂಬ ಗೋಳು ಮಾತ್ರ.

ಸದಸ್ಯರ ಲೆಕ್ಕ ಮೂರು ಎಂದು ತೋರಿಸಿದ್ದೂ ಸುಳ್ಳಲ್ಲ. 4567ರ ಮಾತು ಶುರುವಾದ ಕೂಡಲೇ ಗೆಲೆರಾ ಹೊಸಬನನ್ನು ಎಣಿಸಿಕೊಳ್ಳುತ್ತದೆ. ಡೇಟಾ ಬಂದು ಮುಗಿಯಿತೇ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಲೋಕಲ್ ಸ್ಟೇಟ್ ನೋಡಬೇಕು. ಅಲ್ಲಿ ಸಿಂಕ್ಡ್ ಎಂದು ಬರುವವರೆಗೆ ಟೀಗೆ ಏಳಬಾರದು. ಇನ್ನೊಂದು ವಿಷಯ: ಆರ್‌ಸಿಂಕ್ ವಿಧಾನದಲ್ಲಿ ನಕಲು ನಡೆಯುವಾಗ ಕೊಡುವ ಸರ್ವರ್‌ಗೆ ಬರೆಯಲು ಆಗುವುದಿಲ್ಲ. ಆದ್ದರಿಂದ ಹೊಸಬನನ್ನು ಮತ್ತೆ ಮತ್ತೆ ಸ್ಟಾರ್ಟ್ ಮಾಡುತ್ತಾ ಹೋದರೆ ಚೆನ್ನಾಗಿರುವ ಸರ್ವರ್‌ಗೂ ಕಾಟ.

ಈ ದಿಕ್ಕಿನ ಗೊಂದಲ ಗೆಲೆರಾಗೆ ಮಾತ್ರ ಸೀಮಿತವಲ್ಲ. ಅಪ್ಲಿಕೇಶನ್‌ಗಳನ್ನು ಹಲವು ಸರ್ವರ್‌ಗಳಲ್ಲಿ ಹಂಚಿ ಓಡಿಸುವ ಕುಬರ್ನೆಟೀಸ್‌ನಲ್ಲಿ ಕೂಲಿ ಸರ್ವರ್‌ಗಳು ಯಜಮಾನ ಸರ್ವರ್‌ನ 6443ಕ್ಕೆ ಹೋಗುತ್ತವೆ, ಸರಿ. ಆದರೆ ಒಂದು ಪಾಡ್‌ನ (ಅಲ್ಲಿ ಓಡುವ ಅಪ್ಲಿಕೇಶನ್‌ನ ಒಂದು ಘಟಕ) ಲಾಗ್ ನೋಡಬೇಕೆಂದರೆ ಯಜಮಾನನೇ ಕೂಲಿಯ 10250ಕ್ಕೆ ಬರಬೇಕು. ಅದು ಮುಚ್ಚಿದ್ದರೆ ಪಾಡ್‌ಗಳೆಲ್ಲ ಚೆನ್ನಾಗಿ ಓಡುತ್ತಿರುತ್ತವೆ, ಲಾಗ್ ಮಾತ್ರ ಬರುವುದಿಲ್ಲ. ರೆಡಿಸ್ ಎಂಬ ಇನ್ನೊಂದು ಡೇಟಾಬೇಸ್‌ನ ಕ್ಲಸ್ಟರ್‌ನಲ್ಲಿ 6379 ತೆರೆದು ಸುಮ್ಮನಾಗುತ್ತಾರೆ. ಸರ್ವರ್‌ಗಳು ತಮ್ಮೊಳಗೆ ಮಾತಾಡುವುದು ಅದಕ್ಕೆ 10000 ಕೂಡಿಸಿ ಬರುವ 16379ರಲ್ಲಿ. ಪ್ರತಿ ಕ್ಲಸ್ಟರ್‌ಗೂ ಹೀಗೆ ಗಿರಾಕಿಗಳ ಬಾಗಿಲು ಒಂದು, ಮನೆಯವರ ಹಿತ್ತಿಲ ಬಾಗಿಲು ಒಂದು. ಬೀಗ ಬೀಳುವುದು ಯಾವಾಗಲೂ ಹಿತ್ತಿಲಿಗೇ.

ಪರೀಕ್ಷೆ ಮಾಡುವ ಕ್ರಮ

4444 ಪರೀಕ್ಷಿಸುವುದು ಹೇಗೆ? ಎಸ್‌ಎಸ್‌ಟಿ ನಡೆಯದಿದ್ದಾಗ ಅಲ್ಲಿ ಯಾರೂ ಕಾಯುತ್ತಿರುವುದಿಲ್ಲ. ಕೊಡುವ ಸರ್ವರ್‌ನಿಂದ ಪಡೆಯುವ ಸರ್ವರ್‌ಗೆ ತಟ್ಟಿ ನೋಡಿ. 111 ಬಂದರೆ ದಾರಿ ತೆರೆದಿದೆ, 113 ಅಥವಾ 110 ಬಂದರೆ ಮುಚ್ಚಿದೆ. ಇನ್ನೂ ಖಾತ್ರಿ ಬೇಕೆಂದರೆ ಪಡೆಯುವ ಸರ್ವರ್‌ನಲ್ಲಿ ಎನ್‌ಸಿಯನ್ನೇ 4444ರಲ್ಲಿ ಕಾಯಲು ಕೂರಿಸಿ, ಆ ಕಡೆಯಿಂದ ಒಂದು ಸಾಲು ಟೈಪ್ ಮಾಡಿ. ಅಕ್ಷರಗಳು ಈ ಕಡೆ ಮೂಡಿದರೆ ಮುಗಿಯಿತು.

ನಾವು ಹೊಸ ಸರ್ವರ್‌ನಲ್ಲಿ 4444 ಮತ್ತು 4568 ತೆರೆದೆವು. ನಕಲು ಶುರುವಾಯಿತು. ಆದರೆ ತೆರೆದವರು ಪರ್ಮನೆಂಟ್ ಎಂಬ ಆಯ್ಕೆ ಹಾಕಿರಲಿಲ್ಲ. ಫೈರ್‌ವಾಲ್‌ಡಿಯಲ್ಲಿ ಅದಿಲ್ಲದೆ ಸೇರಿಸಿದ ರೂಲ್ ಈಗಿನ ಓಟಕ್ಕೆ ಮಾತ್ರ. ರೀಲೋಡ್ ಮಾಡಿದರೆ ಅಥವಾ ಮಷೀನ್ ರೀಬೂಟ್ ಆದರೆ ಹೋಯಿತು. 4444 ಆಗಿದ್ದರಿಂದ ಹೋದದ್ದೂ ಯಾರಿಗೂ ಗೊತ್ತಾಗುವುದಿಲ್ಲ, ಮುಂದಿನ ಡಿಸ್ಕ್ ಸಾಯುವವರೆಗೆ. ಅದೃಷ್ಟಕ್ಕೆ ಅದೇ ರಾತ್ರಿ ಒಬ್ಬರು ಗಮನಿಸಿದರು. ತಿರುಗಾಮುರುಗಾ ತಪ್ಪೂ ಉಂಟು: ಪರ್ಮನೆಂಟ್ ಹಾಕಿ ಸೇರಿಸುತ್ತಾರೆ, ರೀಲೋಡ್ ಮಾಡುವುದಿಲ್ಲ, "ರೂಲ್ ಹಾಕಿದರೂ ಆಗ್ತಿಲ್ಲ" ಎಂದು ಕೂದಲು ಕಿತ್ತುಕೊಳ್ಳುತ್ತಾರೆ.

113 ಸುಲಭದ ಕೇಸ್. ಕಷ್ಟ ಕೊಡುವುದು 110, ಆ ಮೌನ. ಅದಕ್ಕೆ ಮದ್ದು ಟಿಸಿಪಿಡಂಪ್, ಓಡಾಡುವ ಪ್ಯಾಕೆಟ್‌ಗಳನ್ನು ತೋರಿಸುವ ಕಮಾಂಡ್. ಎರಡೂ ಸರ್ವರ್‌ಗಳಲ್ಲಿ ಒಂದೇ ಹೊತ್ತಿಗೆ ಓಡಿಸಿ, ಆ ಪೋರ್ಟ್‌ನ ಪ್ಯಾಕೆಟ್‌ಗಳನ್ನು ಮಾತ್ರ ನೋಡಿ. ಒಂದೇ ಕಡೆ ಓಡಿಸಿದರೆ ಅರ್ಧ ಕಥೆ.

ಮೊದಲು ಒಂದು ಅಂಶ ತಿಳಿದಿರಬೇಕು. ಒಳಬರುವ ಪ್ಯಾಕೆಟ್ಟನ್ನು ಟಿಸಿಪಿಡಂಪ್ ನೋಡುವುದು ಸರ್ವರ್‌ನ ಸ್ವಂತ ಫೈರ್‌ವಾಲ್‌ಗಿಂತ ಮೊದಲು. ವಾಚ್‌ಮನ್‌ಗಿಂತ ಮುಂದೆ, ರಸ್ತೆಗೆ ಮುಖ ಮಾಡಿದ ಸಿಸಿಟಿವಿ ಇದ್ದ ಹಾಗೆ. ವಾಚ್‌ಮನ್ ಆಮೇಲೆ ಓಡಿಸಿದರೂ ಬಂದವರ ಮುಖ ಅದರಲ್ಲಿ ಇರುತ್ತದೆ. ಹೊರಹೋಗುವ ಪ್ಯಾಕೆಟ್ ಮಾತ್ರ ಫೈರ್‌ವಾಲ್ ದಾಟಿದ ಮೇಲೆ ಕಾಣುತ್ತದೆ.

ಇಷ್ಟು ಗೊತ್ತಿದ್ದರೆ ಓದುವುದು ಸಲೀಸು. ಕಳಿಸುವ ಕಡೆ ಸಿನ್ ಕಾಣುತ್ತಿಲ್ಲವೇ? ಅದು ಆ ಮಷೀನ್‌ನಿಂದಲೇ ಹೊರಟಿಲ್ಲ. ಹೊರಟಿದೆ, ಆದರೆ ಎದುರಿನ ಸರ್ವರ್‌ನಲ್ಲಿ ಕಾಣುತ್ತಿಲ್ಲವೇ? ನಡುವೆ ಯಾರೋ ತಿಂದಿದ್ದಾರೆ. ಕ್ಲೌಡ್‌ನಲ್ಲಿ ಇದು ಹೆಚ್ಚಾಗಿ ಸೆಕ್ಯುರಿಟಿ ಗ್ರೂಪ್. ಅದು ನಮ್ಮ ಮಷೀನ್‌ನ ಹೊರಗೇ ಕೆಲಸ ಮಾಡುವುದರಿಂದ ಅಲ್ಲಿ ಬಿದ್ದ ಪ್ಯಾಕೆಟ್ ನಮ್ಮ ಟಿಸಿಪಿಡಂಪ್‌ಗೆ ಸಿಗುವುದೇ ಇಲ್ಲ. ಸಿನ್ ಬಂದಿದೆ, ಉತ್ತರ ಹೋಗಿಲ್ಲವೇ? ಆ ಸರ್ವರ್‌ನ ಒಳಗೇ ತೊಂದರೆ. ಅದರ ಸ್ವಂತ ಫೈರ್‌ವಾಲ್ ನೋಡಿ. ಅದು ಸರಿ ಇದ್ದು, ಎರಡೆರಡು ನೆಟ್‌ವರ್ಕ್ ಕಾರ್ಡ್ ಇದ್ದರೆ ಆರ್‌ಪಿ ಫಿಲ್ಟರ್ ನೋಡಿ. ಒಂದು ಕಾರ್ಡ್‌ನಲ್ಲಿ ಬಂದ ಪ್ಯಾಕೆಟ್‌ಗೆ ಉತ್ತರ ಇನ್ನೊಂದರಿಂದ ಹೋಗಬೇಕಾಗಿ ಬಂದರೆ ಲಿನಕ್ಸ್ ಸಂಶಯಪಟ್ಟು ಬಿಸಾಡಬಹುದು.

ಸಿನ್-ಆ್ಯಕ್ ಹೊರಟಿದೆ, ಆದರೆ ಕೇಳಿದವರಿಗೆ ತಲುಪಿಲ್ಲ ಎಂಬುದು ಕೊನೆಯದು. ವಾಪಸ್ ದಾರಿ ಮುಚ್ಚಿದೆ. ಅಮೆಜಾನ್ ಕ್ಲೌಡ್‌ನಲ್ಲಿ ಇದಕ್ಕೆ ಒಂದು ಹಳೇ ಕಾರಣ ಇದೆ. ಅಲ್ಲಿ ಸೆಕ್ಯುರಿಟಿ ಗ್ರೂಪ್‌ಗೆ ನೆನಪಿನ ಶಕ್ತಿ ಇದೆ: ಒಳಗೆ ಬಿಟ್ಟವರ ಉತ್ತರವನ್ನು ತಾನಾಗಿಯೇ ಹೊರಗೆ ಬಿಡುತ್ತದೆ. ನೆಟ್‌ವರ್ಕ್ ಎಸಿಎಲ್ ಎಂಬ ಅಲ್ಲಿನ ಇನ್ನೊಂದು ಫೈರ್‌ವಾಲ್‌ಗೆ ಆ ನೆನಪಿಲ್ಲ. ಹೋಗುವುದಕ್ಕೂ ಬರುವುದಕ್ಕೂ ಬೇರೆ ಬೇರೆ ರೂಲ್ ಬರೆಯಬೇಕು. ಉತ್ತರ ಹೋಗುವುದು 4444ಕ್ಕಲ್ಲ, ಕೇಳಿದವನು ಆ ಕ್ಷಣಕ್ಕೆ ಆರಿಸಿಕೊಂಡ ಯಾವುದೋ ದೊಡ್ಡ ನಂಬರಿನ ಪೋರ್ಟ್‌ಗೆ. ಲಿನಕ್ಸ್‌ನಲ್ಲಿ ಅದು ಸಾಮಾನ್ಯವಾಗಿ 32768ರಿಂದ 60999ರ ನಡುವೆ. ಎಸಿಎಲ್‌ನಲ್ಲಿ ನಾಲ್ಕು ಪೋರ್ಟ್ ಮಾತ್ರ ತೆರೆದು ಈ ದೊಡ್ಡ ನಂಬರುಗಳನ್ನು ಮರೆತರೆ ಒಂದು ಸಂಪರ್ಕವೂ ಆಗುವುದಿಲ್ಲ.

ಫೈರ್‌ವಾಲ್‌ನ ವೇಷ ಹಾಕಿದವರು

ಫೈರ್‌ವಾಲ್ ಅನಿಸಿ, ಕೊನೆಗೆ ಬೇರೇನೋ ಆಗಿರುವುದೂ ಉಂಟು. ಎರಡು ನೆಟ್‌ವರ್ಕ್ ಕಾರ್ಡ್ ಇರುವ ಗೆಲೆರಾ ಸರ್ವರ್‌ನಲ್ಲಿ ನೋಡ್ ಅಡ್ರೆಸ್ ಬರೆಯದಿದ್ದರೆ ಅದು ತನ್ನ ಅಡ್ರೆಸ್ಸನ್ನು ತಾನೇ ಊಹಿಸುತ್ತದೆ. ಊಹೆ ತಪ್ಪಿದರೆ ಕೊಡುವ ಸರ್ವರ್ ತಪ್ಪು ಮನೆಗೆ ಹೋಗಿ ತಟ್ಟುತ್ತಿರುತ್ತದೆ. ನೀವು ಸರಿಯಾದ ಅಡ್ರೆಸ್‌ಗೆ ಪರೀಕ್ಷೆ ಮಾಡಿ "ಎಲ್ಲಾ ಓಪನ್ ಇದೆಯಲ್ಲ" ಎನ್ನುತ್ತಿರುತ್ತೀರಿ. ಇದೂ ಟಿಸಿಪಿಡಂಪ್‌ನಲ್ಲಿ ಕಾಣುತ್ತದೆ, ಹೋಗುತ್ತಿರುವ ಐಪಿ ಯಾವುದು ಎಂದು ಓದಿದರೆ. ಲಿನಕ್ಸ್‌ನ ಭದ್ರತಾ ವ್ಯವಸ್ಥೆಯಾದ ಎಸ್‌ಇಲಿನಕ್ಸ್ ಕೂಡ ಹೀಗೆಯೇ ಕೈ ಅಡ್ಡ ಇಡುತ್ತದೆ. ಆದರೆ ಅದು ಆಡಿಟ್ ಲಾಗ್‌ನಲ್ಲಿ ಬರೆದಿಡುವ ಪ್ರಾಮಾಣಿಕ.

ಎಂಟಿಯು, ಅಂದರೆ ದಾರಿಯಲ್ಲಿ ಹಿಡಿಸುವ ಅತಿ ದೊಡ್ಡ ಪ್ಯಾಕೆಟ್‌ನ ಗಾತ್ರ, ಸ್ವಲ್ಪ ಜಾಸ್ತಿ ಕಳ್ಳ. ಸಂಪರ್ಕ ಆಗುತ್ತದೆ, ನಕಲು ಶುರು ಎಂದು ಲಾಗ್ ಹೇಳುತ್ತದೆ, ಆಮೇಲೆ ಏನೂ ನಡೆಯುವುದಿಲ್ಲ. ಸಣ್ಣ ಪ್ಯಾಕೆಟ್‌ಗಳು ಓಡಾಡುತ್ತಿವೆ, ದೊಡ್ಡವು ಎಲ್ಲೋ ಸಿಕ್ಕಿಕೊಂಡಿವೆ. ದಾರಿಯಲ್ಲಿ ಯಾವುದೋ ತುಂಡು ಕಿರಿದಾಗಿದ್ದರೆ ಅಲ್ಲಿಯ ರೂಟರ್ "ಇಷ್ಟು ದೊಡ್ಡದು ಹಿಡಿಸಲ್ಲ, ಚಿಕ್ಕದು ಮಾಡಿ ಕಳಿಸು" ಎಂದು ಐಸಿಎಂಪಿಯಲ್ಲಿ ಹೇಳಿ ಕಳಿಸುತ್ತದೆ. ಭದ್ರತೆ ಎಂದು ಯಾರೋ ಐಸಿಎಂಪಿ ಪೂರ್ತಿ ಮುಚ್ಚಿದ್ದರೆ ಆ ಮಾತು ಮುಟ್ಟುವುದೇ ಇಲ್ಲ. ತುಂಡು ಮಾಡಬೇಡ ಎಂಬ ಆಯ್ಕೆ ಹಾಕಿ 1472 ಬೈಟ್‌ಗಳ ಪಿಂಗ್ ಕಳಿಸಿ ನೋಡಿ. ಪ್ಯಾಕೆಟ್‌ನ ಹೆಡರ್‌ಗಳ 28 ಸೇರಿದರೆ 1500. ಅದು ಹೋಗದೆ ಇನ್ನೂ ಚಿಕ್ಕದು ಹೋದರೆ ಕಳ್ಳ ಸಿಕ್ಕ. ಪಿಂಗ್‌ಗೆ ಬೈದದ್ದಕ್ಕೆ ಇಲ್ಲಿ ಪ್ರಾಯಶ್ಚಿತ್ತ.

ಇನ್ನೊಂದು ದೂರು ಬೆಂಗಳೂರಿನ ಯಾವ ಸಪೋರ್ಟ್ ಟೀಮಿನವರನ್ನು ಕೇಳಿದರೂ ಗೊತ್ತಿರುತ್ತದೆ: "ಬೆಳಿಗ್ಗೆ ಮೊದಲ ಲಾಗಿನ್ ಮಾತ್ರ ಹ್ಯಾಂಗ್ ಆಗುತ್ತೆ, ಆಮೇಲೆ ಸರಿ." ಅಪ್ಲಿಕೇಶನ್ ಸರ್ವರ್ ಮತ್ತು ಡೇಟಾಬೇಸ್ ನಡುವೆ ಒಂದು ಫೈರ್‌ವಾಲ್ ಪೆಟ್ಟಿಗೆ ಇರುತ್ತದೆ. ಅದು ಪ್ರತಿ ಸಂಪರ್ಕವನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟಿರುತ್ತದೆ. ಬಹಳ ಹೊತ್ತು ಯಾರೂ ಮಾತಾಡದಿದ್ದರೆ ಆ ಸಾಲು ಅಳಿಸುತ್ತದೆ. ಸಿಸ್ಕೋ ಎಎಸ್‌ಎ ಫೈರ್‌ವಾಲ್‌ನಲ್ಲಿ ಬದಲಿಸದಿದ್ದರೆ ಈ ಗಡುವು 1 ಗಂಟೆ. ಗೂಗಲ್ ಕ್ಲೌಡ್‌ನಲ್ಲಿ 10 ನಿಮಿಷ. ಲಿನಕ್ಸ್ "ಇದ್ದೀಯಾ?" ಎಂದು ಕೇಳುವ ಕೀಪ್‌ಅಲೈವ್ ಹೊರಡುವುದು 7200 ಸೆಕೆಂಡ್, ಅಂದರೆ 2 ಗಂಟೆ ಕಳೆದ ಮೇಲೆ. ಅದೂ ಅಪ್ಲಿಕೇಶನ್ ಬೇಕೆಂದು ಕೇಳಿದ್ದರೆ ಮಾತ್ರ. ಅಷ್ಟರಲ್ಲಿ ಫೈರ್‌ವಾಲ್ ಮರೆತು ಎಷ್ಟೋ ಹೊತ್ತಾಗಿರುತ್ತದೆ. ಎರಡೂ ಕಡೆಯ ಸರ್ವರ್‌ಗಳು ಮಾತ್ರ ಸಂಪರ್ಕ ಇನ್ನೂ ಇದೆ ಎಂದೇ ನಂಬಿರುತ್ತವೆ.

ಬೆಳಿಗ್ಗೆ ಮೊದಲ ಕ್ವೆರಿ ಆ ಹಳೇ ಸಂಪರ್ಕದಲ್ಲಿ ಹೋಗುತ್ತದೆ. ಫೈರ್‌ವಾಲ್ ಗುರುತು ಸಿಗದೆ ಬಿಸಾಡುತ್ತದೆ. ಶುರುವಾದ ಸಂಪರ್ಕದಲ್ಲಿ ಉತ್ತರ ಬರದಿದ್ದರೆ ಲಿನಕ್ಸ್ 15 ಸಲ, ಪ್ರತಿ ಸಲವೂ ಹೆಚ್ಚು ಹೊತ್ತು ಕಾದು ಮತ್ತೆ ಕಳಿಸುತ್ತದೆ. ಕೊನೆಗೆ 110 ಎಂದು ಬಿಡುವಷ್ಟರಲ್ಲಿ ಕಾಲು ಗಂಟೆ ದಾಟಿರುತ್ತದೆ. ಎಲಾಸ್ಟಿಕ್‌ಸರ್ಚ್ ಎಂಬ ಹುಡುಕಾಟದ ಸಾಫ್ಟ್‌ವೇರ್‌ನವರು ತಮ್ಮ ಕೈಪಿಡಿಯಲ್ಲಿ ಈ 15ನ್ನು 5ಕ್ಕೆ ಇಳಿಸಿ ಎಂದು ಬರೆದಿರುವುದು ಸುಮ್ಮನೆ ಅಲ್ಲ. ಮದ್ದು ಸರಳ: ಕೀಪ್‌ಅಲೈವ್ ಸಮಯವನ್ನು ಫೈರ್‌ವಾಲ್‌ನ ಗಡುವಿಗಿಂತ ಕಡಿಮೆ ಇಡಿ. ಗೆಲೆರಾಗೆ ಈ ಕಾಯಿಲೆ ಇಲ್ಲ. ಅದು 4567ರಲ್ಲಿ ಸೆಕೆಂಡಿಗೊಮ್ಮೆ ಮಾತಾಡುತ್ತಲೇ ಇರುತ್ತದೆ.

ಯುಡಿಪಿ ಬಗ್ಗೆಯೂ ಹೇಳಬೇಕು, ಯಾಕೆಂದರೆ ಮೇಲಿನ ಮೂರು ನಂಬರುಗಳ ಆಟ ಅಲ್ಲಿ ಸರಿಯಾಗಿ ನಡೆಯುವುದಿಲ್ಲ. ಯುಡಿಪಿಯಲ್ಲಿ ಬಾಗಿಲು ತಟ್ಟುವ ಪದ್ಧತಿಯೇ ಇಲ್ಲ, ಕಾಗದ ಎಸೆದು ಹೋಗುವುದು. ಎನ್‌ಸಿಯಲ್ಲಿ ಯುಡಿಪಿ ಪರೀಕ್ಷಿಸಿದರೆ ಯಾರೂ ಬೇಡ ಎನ್ನದಿದ್ದರೆ ಸಾಕು, ಯಶಸ್ವಿ ಎಂದುಬಿಡುತ್ತದೆ. ಮೌನವೂ ಅದಕ್ಕೆ ಒಪ್ಪಿಗೆ. ಕುಬರ್ನೆಟೀಸ್‌ನಲ್ಲಿ ಪಾಡ್‌ಗಳ ನೆಟ್‌ವರ್ಕ್‌ಗೆ ಫ್ಲಾನೆಲ್ ಬಳಸುವವರು ಇದರ ಏಟು ತಿನ್ನುತ್ತಾರೆ. ಬೇರೆ ಬೇರೆ ಸರ್ವರ್‌ಗಳ ಪಾಡ್‌ಗಳು ಮಾತಾಡುವುದು ಯುಡಿಪಿ 8472ರಲ್ಲಿ. ಅದು ಮುಚ್ಚಿದ್ದರೂ ಎಲ್ಲಾ ಸರ್ವರ್ ರೆಡಿ ಎಂದೇ ತೋರಿಸುತ್ತವೆ, ಅದಕ್ಕೆ ಬೇಕಾದದ್ದು ಟಿಸಿಪಿ ಮಾತ್ರ. ಆದರೆ ಹೆಸರಿಗೆ ಐಪಿ ಹುಡುಕಿಕೊಡುವ ಡಿಎನ್‌ಎಸ್ ಪಾಡ್ ಪಕ್ಕದ ಸರ್ವರ್‌ನಲ್ಲಿ ಕೂತಿದ್ದರೆ ಹೆಸರುಗಳು ಸಿಗುವುದಿಲ್ಲ, ಇದೇ ಸರ್ವರ್‌ನಲ್ಲಿದ್ದರೆ ಸಿಗುತ್ತವೆ. "ಒಮ್ಮೆ ಆಗುತ್ತೆ, ಒಮ್ಮೆ ಆಗಲ್ಲ" ಎಂಬ ದೂರು ಬಂದರೆ ನಾನು ಮೊದಲು ನೋಡುವುದು ಈ ಪೋರ್ಟನ್ನು. ಇಲ್ಲೂ ಎರಡೂ ಕಡೆ ಟಿಸಿಪಿಡಂಪ್ ಬಿಟ್ಟರೆ ಗತಿಯಿಲ್ಲ.

ಆಫ್ ಮಾಡಿ ನೋಡೋಣ ಎನ್ನುವವರಿಗೆ

ಫೈರ್‌ವಾಲ್ ಆಫ್ ಮಾಡಿ ನೋಡುವುದು ಪಾಪವೇನಲ್ಲ, ಪ್ರಯೋಗದ ಮಷೀನ್‌ನಲ್ಲಿ. ಆದರೆ ಅದರಿಂದ ಸಿಗುವ ಮಾಹಿತಿ ಕಡಿಮೆ. ತೊಂದರೆ ಸೆಕ್ಯುರಿಟಿ ಗ್ರೂಪ್‌ನಲ್ಲಿದ್ದರೆ ಸರ್ವರ್‌ನ ಫೈರ್‌ವಾಲ್ ಆಫ್ ಮಾಡಿದರೂ 110 ಹಾಗೇ ಇರುತ್ತದೆ. ಆಗ "ಫೈರ್‌ವಾಲ್ ಅಲ್ಲ" ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೀರಿ. ಕೆಲಸ ಆಗಿಬಿಟ್ಟರೆ ಇನ್ನೂ ಅಪಾಯ, ಆನ್ ಮಾಡಲು ಯಾರಿಗೂ ನೆನಪಿರುವುದಿಲ್ಲ.

4567ರಂಥ ಹಿತ್ತಿಲ ಬಾಗಿಲುಗಳಲ್ಲಿ ನಾವಾಗಿ ಟಿಎಲ್‌ಎಸ್ ಹಾಕದಿದ್ದರೆ ಮಾತುಕತೆ ಎನ್‌ಕ್ರಿಪ್ಟ್ ಆಗಿರುವುದಿಲ್ಲ. ಅವು ಇರುವುದೇ ನಂಬಿಕಸ್ಥರ ನಡುವಿನ ಮಾತಿಗೆ. 2017ರ ಜನವರಿಯಲ್ಲಿ ಇಂಟರ್‌ನೆಟ್‌ಗೆ ಬಾಗಿಲು ತೆರೆದು ಕೂತಿದ್ದ ಸಾವಿರಾರು ಮೊಂಗೊಡಿಬಿ ಡೇಟಾಬೇಸ್‌ಗಳನ್ನು ಅಳಿಸಿ, ವಾಪಸ್ ಬೇಕಾದರೆ ಬಿಟ್‌ಕಾಯಿನ್ ಕೊಡಿ ಎಂದು ಚೀಟಿ ಬಿಟ್ಟು ಹೋದದ್ದು ನೆನಪಿರಬಹುದು. ಅದೇ ತಿಂಗಳು ಎಲಾಸ್ಟಿಕ್‌ಸರ್ಚ್‌ನ ಸರದಿಯೂ ಬಂತು. ಪೋರ್ಟ್ ತೆರೆಯುವಾಗ ಕ್ಲಸ್ಟರ್‌ನ ಉಳಿದ ಸರ್ವರ್‌ಗಳ ಐಪಿಗಳಿಗೆ ಮಾತ್ರ ತೆರೆಯಿರಿ. ನಾಲ್ಕು ಸಾಲು ಜಾಸ್ತಿ ಟೈಪ್ ಮಾಡಬೇಕಾಗುತ್ತದೆ, ಅಷ್ಟೇ.

ಆ ಶನಿವಾರದ ನಂತರ ನಾವು ಒಂದು ಪುಟ್ಟ ಸ್ಕ್ರಿಪ್ಟ್ ಬರೆದೆವು. ಪ್ರತಿ ಸರ್ವರ್‌ನಿಂದ ಉಳಿದ ಪ್ರತಿಯೊಂದಕ್ಕೂ ನಾಲ್ಕೂ ಪೋರ್ಟ್ ತಟ್ಟಿ, ಬಂದ ಉತ್ತರ ಬರೆದಿಡುತ್ತದೆ. ಮೂರು ಸರ್ವರ್ ಎಂದರೆ 6 ದಿಕ್ಕು, 24 ಸಾಲು. ಹೊಸ ಮಷೀನ್ ಸೇರಿಸಿದಾಗ ಮತ್ತು ಯಾವುದೇ ರೀಬೂಟ್ ಆದ ಮೇಲೆ ಓಡಿಸುತ್ತೇವೆ. ಮೊದಲ ಸಲ ಅದನ್ನು ಓಡಿಸಿದ ಹೊಸ ಹುಡುಗ ಗಾಬರಿಯಿಂದ ಬಂದ. "ಸಾರ್, 4444 ಮತ್ತು 4568ರ ಎದುರು ಎಲ್ಲಾ ಕಡೆ 111 ಇದೆ, 12 ಫೇಲ್!" ಎಂದ. ಆ ಹನ್ನೆರಡನ್ನೂ ಈಗ ಸ್ಕ್ರಿಪ್ಟ್‌ನಲ್ಲಿ ಹಸಿರು ಬಣ್ಣದಲ್ಲಿ ತೋರಿಸುತ್ತೇವೆ.